ಕಂಪನಿ ಕೊಳ್ಳುವಾಗ ಕಾನೂನಿನ ಅಪಾಯಗಳು: ಸಹಿಗೆ ಮೊದಲು, ಸಹಿಯಾದ ಮೇಲೆ, ಹಣ ಕೊಟ್ಟ ನಂತರ

ಕಂಪನಿಯನ್ನು ಕೊಂಡರೆ ಅದರ ಹಳೆಯ ಕೇಸು, ತೆರಿಗೆ ಬಾಕಿಗಳೆಲ್ಲ ನಮ್ಮ ತಲೆಗೇ ಬರುತ್ತವೆಯೇ? ಸಹಿ ಹಾಕಿದ ಮೇಲೆ ಹಿಂದೆ ಸರಿಯಬಹುದೇ? ಮಾರಿದವರು ಹೇಳಿದ್ದು ಸುಳ್ಳೆಂದು ಆಮೇಲೆ ಗೊತ್ತಾದರೆ ಯಾರನ್ನು ಹಿಡಿಯುವುದು? ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರೇ ಪ್ರಶ್ನೆ. ಉತ್ತರ ಬಹುಮಟ್ಟಿಗೆ ನೀವು ಬರೆಸಿಕೊಂಡ ಕರಾರಿನಲ್ಲೇ ಇರುತ್ತದೆ. ಹಾಗಾಗಿ ಆ ಕರಾರು ಹಂತಹಂತವಾಗಿ ಹೇಗೆ ರೂಪುಗೊಳ್ಳಬೇಕು ಎಂಬುದನ್ನು ಇಲ್ಲಿ ನೋಡೋಣ.

ಬರೆದಿರುವುದು ಮುಖ್ಯವಾಗಿ ಕೊಳ್ಳುವವರ ಕಡೆಯಿಂದ, ಷೇರುಪೇಟೆಯಲ್ಲಿಲ್ಲದ ಖಾಸಗಿ ಕಂಪನಿಯ ಖರೀದಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾಯ್ದೆಯ ವಿವರಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ, ಅದಕ್ಕೆ ಸ್ಥಳೀಯ ವಕೀಲರೇ ಬೇಕು. ಆದರೆ ಕರಾರಿನ ಅಸ್ಥಿಪಂಜರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಉದಾಹರಣೆಗಳಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ತೀರ್ಪುಗಳು ಹೆಚ್ಚು ಬಂದಿವೆ, ಏಕೆಂದರೆ ಇಂಥ ಜಗಳಗಳು ಅಲ್ಲಿಯಷ್ಟು ಬೇರೆಲ್ಲೂ ಕೋರ್ಟು ಹತ್ತುವುದಿಲ್ಲ.

ಒಂದು ನಿಯಮವನ್ನು ಆರಂಭದಲ್ಲೇ ಹಿಡಿದುಕೊಳ್ಳಿ. ಕಣ್ಣಿಗೆ ಬಿದ್ದ ಪ್ರತಿ ಅಪಾಯವೂ ನಾಲ್ಕರಲ್ಲಿ ಒಂದು ಕಡೆ ಹೋಗಿ ಕೂರಬೇಕು: ಬೆಲೆಯಲ್ಲಿ ಇಳಿಕೆ, ಹಣ ಕೊಡುವ ಮೊದಲು ಈಡೇರಬೇಕಾದ ಷರತ್ತು, ಮಾರುವವರು ಹೊರುವ ನಷ್ಟಭರ್ತಿ, ಇಲ್ಲವೇ ವ್ಯವಹಾರವನ್ನೇ ಕೈಬಿಡುವುದು. ವರದಿಯಲ್ಲಿ ‘ಗಮನಿಸಲಾಗಿದೆ’ ಎಂದಷ್ಟೇ ಬರೆದು ಬಿಟ್ಟ ಅಪಾಯ ಕೊನೆಗೆ ಕೊಂಡವರ ಜೇಬಿಗೇ ಕೈಹಾಕುತ್ತದೆ.

ಮೊದಲು ಏನೇನು ಬೇಕು

ಇಂಥ ವ್ಯವಹಾರಗಳನ್ನು ಮಾಡಿಸಿ ಗೊತ್ತಿರುವ ವಕೀಲರು, ತೆರಿಗೆ ಬಲ್ಲ ಲೆಕ್ಕ ಪರಿಶೋಧಕರು, ಆ ಉದ್ಯಮದ ಒಳಹೊರಗು ತಿಳಿದ ನಿಮ್ಮದೇ ಒಬ್ಬ ಮನುಷ್ಯ. ಮೂರನೆಯವರನ್ನು ಬಿಟ್ಟು ಮುಂದುವರಿಯುವವರೇ ಹೆಚ್ಚು, ಆದರೆ ಯಾವ ಪರವಾನಗಿ ಇಲ್ಲದಿದ್ದರೆ ಕಾರ್ಖಾನೆ ನಿಲ್ಲುತ್ತದೆ ಎಂಬುದು ವಕೀಲರಿಗೆ ತೋಚುವುದಿಲ್ಲ. ಇವರ ಜೊತೆಗೆ ಅಪಾಯಗಳ ಪಟ್ಟಿಯೊಂದನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆಯಿರಿ. ಕಾಲಂಗಳು ಆರು: ಅಪಾಯ ಏನು, ಯಾವ ದಾಖಲೆಯಲ್ಲಿ ಸಿಕ್ಕಿತು, ಹೆಚ್ಚೆಂದರೆ ಎಷ್ಟು ಹಣ, ಸಂಭವ ಎಷ್ಟು, ಮೇಲಿನ ನಾಲ್ಕರಲ್ಲಿ ಯಾವುದು, ಕರಾರಿನ ಎಷ್ಟನೆಯ ಕಲಮು. ಸಹಿಯ ಹಿಂದಿನ ರಾತ್ರಿ ಕೊನೆಯ ಕಾಲಂ ಖಾಲಿಯಿರುವ ಸಾಲುಗಳಿದ್ದರೆ ಸಹಿ ಮುಂದಕ್ಕೆ ಹಾಕಿ.

1. ಷೇರು ಕೊಳ್ಳುತ್ತೀರೋ, ಆಸ್ತಿ ಕೊಳ್ಳುತ್ತೀರೋ ತೀರ್ಮಾನಿಸಿ

ಷೇರು ಕೊಂಡರೆ ಕಂಪನಿ ಇದ್ದ ಹಾಗೇ ಇರುತ್ತದೆ, ಒಡೆಯರು ಮಾತ್ರ ಬದಲಾಗುತ್ತಾರೆ. ಸಾಲ, ವ್ಯಾಜ್ಯ, ಇನ್ನೂ ಯಾರಿಗೂ ಗೊತ್ತಾಗದ ತಪ್ಪು, ಎಲ್ಲವೂ ಒಳಗೇ ಉಳಿಯುತ್ತವೆ. ವಿಲೀನದಲ್ಲೂ ಅಷ್ಟೇ: ಉಳಿದ ಕಂಪನಿಯು ಕರಗಿಹೋದ ಕಂಪನಿಯ ಹಕ್ಕುಗಳ ಜೊತೆ ಬಾಧ್ಯತೆಗಳನ್ನೂ ಹೊರುತ್ತದೆ. ಬಾಯರ್ 2018ರ ಜೂನ್‌ನಲ್ಲಿ ಸುಮಾರು 63 ಶತಕೋಟಿ ಡಾಲರಿಗೆ ಮೊನ್ಸಾಂಟೊವನ್ನು ಕೊಂಡಿತು. ಎರಡೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಕಳೆನಾಶಕ ರೌಂಡಪ್ ವಿರುದ್ಧ ಮೊದಲ ಜ್ಯೂರಿ ತೀರ್ಪು ಬಂತು. 2020ರಲ್ಲಿ ಬಾಯರ್ ಘೋಷಿಸಿದ ರಾಜಿಯ ಮೊತ್ತ 10 ಶತಕೋಟಿ ಡಾಲರ್ ದಾಟಿತ್ತು. ಆ ಕೇಸುಗಳು ಗುಟ್ಟಾಗಿರಲಿಲ್ಲ, ಎಲ್ಲರಿಗೂ ಗೊತ್ತಿದ್ದವು.

ಆಸ್ತಿ ಖರೀದಿಯಲ್ಲಿ ಯಂತ್ರ, ಬ್ರ್ಯಾಂಡ್, ಗ್ರಾಹಕರ ಕರಾರು ಎಂದು ಪಟ್ಟಿಮಾಡಿ ಬೇಕಾದ್ದನ್ನಷ್ಟೇ ಎತ್ತಿಕೊಳ್ಳಬಹುದು. ಎರಡು ತೊಡಕುಗಳಿವೆ. ಒಂದೊಂದು ಕರಾರು, ಪರವಾನಗಿ, ಗುತ್ತಿಗೆಯನ್ನೂ ಬೇರೆಬೇರೆಯಾಗಿ ವರ್ಗಾಯಿಸಬೇಕು, ಎದುರು ಪಕ್ಷದ ಒಪ್ಪಿಗೆ ಪಡೆಯಬೇಕು. ಜೊತೆಗೆ ನೌಕರರ ಬಾಕಿ, ತೆರಿಗೆ, ಪರಿಸರ ಮಾಲಿನ್ಯದಂಥ ಹೊಣೆಗಳು ಅನೇಕ ದೇಶಗಳಲ್ಲಿ ಕರಾರಿನಲ್ಲಿ ಬೇಡವೆಂದು ಬರೆದರೂ ಕಾಯ್ದೆಯ ಬಲದಿಂದ ಬೆನ್ನುಹತ್ತಿ ಬರುತ್ತವೆ. ‘ಆಸ್ತಿ ಕೊಂಡರೆ ಹಳೆಯದೇನೂ ಅಂಟುವುದಿಲ್ಲ’ ಎಂಬ ಮಾತು ಅರ್ಧ ನಿಜ.

2. ಗೋಪ್ಯತಾ ಒಪ್ಪಂದ, ಟರ್ಮ್ ಶೀಟ್

ಟರ್ಮ್ ಶೀಟ್ ಅಂದರೆ ಬೆಲೆ ಮತ್ತು ಮುಖ್ಯ ಅಂಶಗಳ ಎರಡು ಮೂರು ಪುಟಗಳ ಟಿಪ್ಪಣಿ. ಇದರಲ್ಲಿ ಯಾವುದು ಕಟ್ಟಿಹಾಕುತ್ತದೆ, ಯಾವುದು ಇಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಗೋಪ್ಯತೆ, ವೆಚ್ಚ ಯಾರದು, ಯಾವ ದೇಶದ ಕಾನೂನು, ಇಷ್ಟು ದಿನ ಬೇರೆಯವರ ಜೊತೆ ಮಾತಾಡುವಂತಿಲ್ಲ ಎಂಬ ಏಕಮುಖ ಮಾತುಕತೆಯ ಷರತ್ತು, ಇವು ಕಟ್ಟಿಹಾಕಲಿ. ಉಳಿದದ್ದು ಅಂತಿಮ ಕರಾರಿಗೆ ಸಹಿ ಬೀಳುವವರೆಗೆ ಯಾರನ್ನೂ ಬಂಧಿಸಬಾರದು.

ಈ ಒಂದು ಸಾಲಿನ ಬೆಲೆ ಟೆಕ್ಸಾಕೊಗೆ ಗೊತ್ತು. ಗೆಟ್ಟಿ ಆಯಿಲ್ ಜೊತೆ ತತ್ತ್ವತಃ ಒಪ್ಪಂದವಾಗಿದೆ ಎಂದು 1984ರಲ್ಲಿ ಪೆನ್ಜಾಯಿಲ್ ಹೇಳಿಕೊಂಡಿತ್ತು, ಅಂತಿಮ ಕರಾರಿಗೆ ಸಹಿ ಬಿದ್ದಿರಲಿಲ್ಲ. ನಡುವೆ ಬಂದ ಟೆಕ್ಸಾಕೊ ಹೆಚ್ಚು ಬೆಲೆ ಕೊಟ್ಟು ಕೊಂಡುಬಿಟ್ಟಿತು. ಒಪ್ಪಂದ ಆಗಲೇ ಆಗಿತ್ತು ಎಂದ ಜ್ಯೂರಿ 1985ರಲ್ಲಿ 10.53 ಶತಕೋಟಿ ಡಾಲರ್ ಪರಿಹಾರ ವಿಧಿಸಿತು. 1987ರಲ್ಲಿ ಟೆಕ್ಸಾಕೊ ದಿವಾಳಿ ರಕ್ಷಣೆ ಕೋರಿ, ಕೊನೆಗೆ 3 ಶತಕೋಟಿಗೆ ರಾಜಿಯಾಯಿತು. ಆದ್ದರಿಂದ ‘ಡೀಲ್ ಆಯ್ತು, ಅಭಿನಂದನೆಗಳು’ ಎಂಬ ಇಮೇಲು, ವಾಟ್ಸ್ಯಾಪ್ ಸಂದೇಶಗಳನ್ನು ಎರಡೂ ಕಡೆಯವರು ತಡೆದಿಟ್ಟುಕೊಳ್ಳುವುದು ಲೇಸು.

ಮಾರುವವರಿಗೆ ಒಂದು ಮಾತು: ಕೊಳ್ಳಲು ಬಂದವರು ನಿಮ್ಮ ಪ್ರತಿಸ್ಪರ್ಧಿಯಾಗಿದ್ದರೆ ಗ್ರಾಹಕವಾರು ದರ, ಲಾಭಾಂಶಗಳನ್ನು ಅವರ ಮಾರಾಟ ವಿಭಾಗಕ್ಕೆ ತೋರಿಸಬೇಡಿ. ಹೊರಗಿನ ವಕೀಲರು, ಲೆಕ್ಕಿಗರು ಮಾತ್ರ ಇರುವ ‘ಕ್ಲೀನ್ ಟೀಮ್’ ಅದನ್ನು ನೋಡಲಿ. ನಮ್ಮ ನೌಕರರನ್ನು ಇಷ್ಟು ತಿಂಗಳು ಸೆಳೆಯುವಂತಿಲ್ಲ ಎಂದೂ ಬರೆಸಿ.

3. ಡ್ಯೂ ಡಿಲಿಜೆನ್ಸ್: ಕೊಳ್ಳುವ ಮುನ್ನದ ತಪಾಸಣೆ

ದಾಖಲೆಗಳನ್ನು ಮಾರುವವರು ಡೇಟಾ ರೂಮ್ ಎಂಬ ಆನ್‌ಲೈನ್ ಕಪಾಟಿನಲ್ಲಿ ಇಡುತ್ತಾರೆ. ಸಾವಿರಾರು ಪುಟಗಳನ್ನು ಸಮನಾಗಿ ಓದಲು ಹೊರಟರೆ ಸಮಯ ಮುಗಿಯುತ್ತದೆ, ಮುಖ್ಯವಾದದ್ದು ಉಳಿಯುತ್ತದೆ. ಹಣ ಕಳೆಯುವ ಜಾಗಗಳಿಂದ ಶುರುಮಾಡಿ.

ಅತಿ ದೊಡ್ಡ ಹತ್ತು ಗ್ರಾಹಕರ ಮತ್ತು ಸಾಲ ಕೊಟ್ಟವರ ಕರಾರುಗಳಲ್ಲಿ ‘ನಿಯಂತ್ರಣ ಬದಲಾವಣೆ’ಯ ಕಲಮು ಹುಡುಕಿ. ಒಡೆತನ ಬದಲಾದರೆ ಕರಾರು ರದ್ದುಮಾಡುವ ಅಥವಾ ಸಾಲ ಪೂರ್ತಿ ವಾಪಸ್ ಕೇಳುವ ಹಕ್ಕು ಎದುರು ಪಕ್ಷಕ್ಕೆ ಇರಬಹುದು. ಹಾಗಿದ್ದರೆ ಅವರ ಲಿಖಿತ ಒಪ್ಪಿಗೆಯನ್ನು ಕ್ಲೋಸಿಂಗ್ ಷರತ್ತು ಮಾಡಿ. ಕ್ಲೋಸಿಂಗ್ ಅಂದರೆ ಹಣ ಮತ್ತು ಒಡೆತನ ನಿಜವಾಗಿ ಕೈಬದಲಾಗುವ ದಿನ.

ಸಾಫ್ಟ್‌ವೇರ್, ಔಷಧ, ವಿನ್ಯಾಸದ ಕಂಪನಿಯಾದರೆ ಬೌದ್ಧಿಕ ಆಸ್ತಿ ಯಾರ ಹೆಸರಿನಲ್ಲಿದೆ ನೋಡಿ. ಸ್ಥಾಪಕರು ಕಂಪನಿ ಹುಟ್ಟುವ ಮೊದಲೇ ಬರೆದ ಕೋಡ್, ಹೊರಗುತ್ತಿಗೆಯವರು ಮಾಡಿಕೊಟ್ಟ ಕೆಲಸ, ಇವೆರಡರಲ್ಲಿ ಹಕ್ಕು ವರ್ಗಾವಣೆ ಪತ್ರ ಇಲ್ಲದಿರುವುದೇ ಹೆಚ್ಚು. ಓಪನ್ ಸೋರ್ಸ್ ಕೋಡ್ ಬಳಕೆಯ ಸ್ಕ್ಯಾನ್ ವರದಿ ಕೇಳಿ. ಜಿಪಿಎಲ್ ಮಾದರಿಯ ಪರವಾನಗಿಗಳು ಆ ಕೋಡ್ ಬೆರೆಸಿ ಹಂಚಿದ ತಂತ್ರಾಂಶದ ಮೂಲವನ್ನೂ ತೆರೆದಿಡುವಂತೆ ಒತ್ತಾಯಿಸಬಲ್ಲವು.

ತೆರಿಗೆ, ಲಂಚ ವಿರೋಧಿ ಕಾನೂನು, ಪರವಾನಗಿಗಳ ಅವಧಿ, ನಡೆಯುತ್ತಿರುವ ಮತ್ತು ಬೆದರಿಕೆಯ ಹಂತದ ವ್ಯಾಜ್ಯಗಳು, ಪ್ರವರ್ತಕರ ಬಂಧುಗಳ ಜೊತೆಗಿನ ವ್ಯವಹಾರಗಳು ಪ್ರತಿ ಪಟ್ಟಿಯಲ್ಲೂ ಇರುತ್ತವೆ, ಬಿಡಬೇಡಿ.

ಈಗ ಹೆಚ್ಚು ನೋಯಿಸುವುದು ದತ್ತಾಂಶ ಸೋರಿಕೆ. ವೆರೈಝನ್ ಯಾಹೂವಿನ ಮುಖ್ಯ ವ್ಯವಹಾರ ಕೊಳ್ಳಲು 2016ರಲ್ಲಿ 4.83 ಶತಕೋಟಿ ಡಾಲರಿಗೆ ಸಹಿ ಹಾಕಿತು. ಭಾರೀ ಸೋರಿಕೆಗಳು ಕ್ಲೋಸಿಂಗಿಗೆ ಮೊದಲೇ ಬಯಲಾದ್ದರಿಂದ ಬೆಲೆ 35 ಕೋಟಿ ಡಾಲರ್ ಇಳಿಯಿತು, ಕೆಲವು ಹೊಣೆಗಳನ್ನು ಹಂಚಿಕೊಳ್ಳುವ ಒಪ್ಪಂದವೂ ಆಯಿತು. ಮ್ಯಾರಿಯಟ್ 2016ರಲ್ಲಿ ಸ್ಟಾರ್‌ವುಡ್ ಕೊಂಡಾಗ ಅದರ ಬುಕಿಂಗ್ ವ್ಯವಸ್ಥೆಯೊಳಗೆ 2014ರಿಂದಲೇ ಕಳ್ಳರಿದ್ದರು. ಪತ್ತೆಯಾದದ್ದು 2018ರಲ್ಲಿ. 2020ರಲ್ಲಿ ಬ್ರಿಟನ್ನಿನ ನಿಯಂತ್ರಕರು ಹಾಕಿದ 1.84 ಕೋಟಿ ಪೌಂಡ್ ದಂಡ ಕಟ್ಟಬೇಕಾದದ್ದು ಮ್ಯಾರಿಯಟ್. ಎರಡೂ ಕಡೆ ಅಪಾಯ ಒಂದೇ ಬಗೆಯದು, ಗೊತ್ತಾದ ದಿನ ಮಾತ್ರ ಬೇರೆ. ಹಾಗಾಗಿ ಭದ್ರತಾ ನೀತಿಯ ಕಾಗದ ಓದಿ ಸುಮ್ಮನಾಗದೆ, ಸರ್ವರುಗಳ ತಾಂತ್ರಿಕ ತಪಾಸಣೆಯನ್ನೇ ಮಾಡಿಸಿ.

4. ಬೆಲೆಯ ಸೂತ್ರ

‘100 ಕೋಟಿ’ ಎಂದು ಕೈಕುಲುಕಿದರೆ ಸಾಲದು. ಸಾಮಾನ್ಯವಾಗಿ ಆ ಮೊತ್ತ ಸಾಲವೂ ಇಲ್ಲ, ನಗದೂ ಇಲ್ಲ ಎಂದುಕೊಂಡು ಕಟ್ಟಿದ್ದು. ಕ್ಲೋಸಿಂಗ್ ದಿನ 15 ಕೋಟಿ ಸಾಲ, 3 ಕೋಟಿ ನಗದು ಇದೆ ಎನ್ನಿ. ದಿನನಿತ್ಯದ ದುಡಿಮೆ ಬಂಡವಾಳ 12 ಕೋಟಿ ಇರಬೇಕೆಂದು ಒಪ್ಪಿದ್ದು 10 ಕೋಟಿ ಮಾತ್ರ ಇದೆ. ಆಗ ಕೊಡಬೇಕಾದದ್ದು 100 − 15 + 3 − 2 = 86 ಕೋಟಿ. ಜಗಳವಾಗುವುದು ‘ಸಾಲ’ದ ವ್ಯಾಖ್ಯೆಯಲ್ಲಿ: ಕಟ್ಟದ ತೆರಿಗೆ, ನೌಕರರ ಬೋನಸ್ ಬಾಕಿ, ಗ್ರಾಹಕರಿಂದ ಮುಂಗಡ ಪಡೆದು ಇನ್ನೂ ಮಾಡಿಕೊಡದ ಕೆಲಸ ಇವೆಲ್ಲ ಸಾಲವೇ ಅಲ್ಲವೇ? ಒಂದು ಮಾದರಿ ಲೆಕ್ಕವನ್ನು ಕರಾರಿಗೆ ಅನುಬಂಧವಾಗಿ ಅಂಟಿಸಿ.

ಬೆಲೆಯ ಒಂದು ಭಾಗವನ್ನು ಮುಂದಿನ ವರ್ಷಗಳ ಸಾಧನೆಗೆ ಕಟ್ಟುವುದಕ್ಕೆ ಅರ್ನ್‌ಔಟ್ ಎನ್ನುತ್ತಾರೆ. ಬೆಲೆಯಲ್ಲಿ ಒಮ್ಮತ ಬರದಿದ್ದಾಗ ಎಲ್ಲರೂ ಇದಕ್ಕೇ ಕೈಚಾಚುತ್ತಾರೆ. ಲಾಭದ ಬದಲು ಆದಾಯಕ್ಕೆ ಕಟ್ಟಿ, ಲೆಕ್ಕ ತಿರುಚಲು ಜಾಗ ಕಡಿಮೆ. ಕೊಂಡ ಮೇಲೆ ವ್ಯವಹಾರ ನಡೆಸುವವರು ಯಾರು, ಎಷ್ಟು ಬಂಡವಾಳ ಹಾಕಲೇಬೇಕು ಎಂದು ಬರೆಯದ ಅರ್ನ್‌ಔಟ್ ಬಹುತೇಕ ಕೋರ್ಟಿಗೇ ಹೋಗುತ್ತದೆ.

5. ವಾರಂಟಿ, ಬಹಿರಂಗ ಪಟ್ಟಿ, ನಷ್ಟಭರ್ತಿ

ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ವಾರಂಟಿ ಅಂದರೆ ಕಂಪನಿಯ ಸ್ಥಿತಿಯ ಬಗ್ಗೆ ಮಾರುವವರು ಕೊಡುವ ಖಚಿತ ಹೇಳಿಕೆ: ಲೆಕ್ಕಪತ್ರ ಸರಿಯಿದೆ, ತೆರಿಗೆ ಕಟ್ಟಿದೆ, ಹೇಳಿದ್ದು ಬಿಟ್ಟು ಬೇರೆ ವ್ಯಾಜ್ಯವಿಲ್ಲ. ಬಹಿರಂಗ ಪಟ್ಟಿಯಲ್ಲಿ ಅದಕ್ಕೆ ಅಪವಾದಗಳನ್ನು ಬರೆಯುತ್ತಾರೆ. ಪಟ್ಟಿಗೆ ಸೇರಿದ ವಿಷಯಕ್ಕೆ ವಾರಂಟಿಯಡಿ ಪರಿಹಾರ ಸಿಗುವುದಿಲ್ಲ. ಆದ್ದರಿಂದ ಗೊತ್ತಿರುವ ಅಪಾಯಕ್ಕೆ ವಾರಂಟಿ ಸಾಲದು, ‘ಈ ತೆರಿಗೆ ನೋಟಿಸಿನಿಂದ ಬರುವ ಪ್ರತಿ ಪೈಸೆಯೂ ಮಾರುವವರದು’ ಎಂಬ ನಿರ್ದಿಷ್ಟ ನಷ್ಟಭರ್ತಿ ಬೇಕು. ಕೊಳ್ಳುವವರು ಅತಿ ಹೆಚ್ಚು ಎಡವುವುದು ಇಲ್ಲೇ.

ಮಾರುವವರ ವಕೀಲರು ‘ಡೇಟಾ ರೂಮಿನಲ್ಲಿರುವುದೆಲ್ಲ ಬಹಿರಂಗಪಡಿಸಿದಂತೆ’ ಎಂದು ಬರೆದು ಕಳಿಸುತ್ತಾರೆ. ಕೊಳ್ಳುವವರಾದರೆ ಒಪ್ಪಬೇಡಿ. ಯಾವ ವಾರಂಟಿಗೆ ಯಾವ ದಾಖಲೆ ಅಪವಾದ ಎಂದು ಬಿಡಿಬಿಡಿಯಾಗಿ ಬರೆಸಿ. ‘ನಮಗೆ ತಿಳಿದ ಮಟ್ಟಿಗೆ’ ಎಂಬ ಪದಗಳು ಕಂಡಲ್ಲೆಲ್ಲ ಯಾರ ತಿಳಿವು ಎಂದು ಕೇಳಿ, ಹುದ್ದೆಗಳನ್ನು ಹೆಸರಿಸಿ, ವಿಚಾರಿಸಿಯೇ ಹೇಳಿದ್ದಾರೆ ಎಂಬುದನ್ನೂ ಸೇರಿಸಿ.

ಪರಿಹಾರಕ್ಕೆ ಬೇಲಿಗಳಿರುತ್ತವೆ. ಒಂದೊಂದಾಗಿ ನೋಡಿ:

- ಗಡುವು: ಸಾಮಾನ್ಯ ವಾರಂಟಿಗಳಿಗೆ 12ರಿಂದ 24 ತಿಂಗಳು ರೂಢಿ. ತೆರಿಗೆಗೆ ಇಲಾಖೆ ಕೇಳಬಹುದಾದ ಕಾಲಮಿತಿ ಮುಗಿಯುವವರೆಗೆ. ಷೇರಿನ ಒಡೆತನದಂಥ ಮೂಲಭೂತ ವಾರಂಟಿಗೆ ಇನ್ನೂ ಉದ್ದ.
- ಮಿತಿ: ಸಾಮಾನ್ಯ ವಾರಂಟಿಗೆ ಬೆಲೆಯ ಒಂದು ಭಾಗ, ಮೂಲಭೂತ ವಾರಂಟಿಗೆ ಪೂರ್ತಿ ಬೆಲೆ. ವಂಚನೆಗೆ ಮಿತಿಯೇ ಇರಬಾರದು.
- ಬಾಸ್ಕೆಟ್: ಚಿಲ್ಲರೆ ತಕರಾರುಗಳನ್ನು ತಡೆಯುವ ಹೊಸ್ತಿಲು. 1 ಕೋಟಿಯ ಬಾಸ್ಕೆಟ್, 1.4 ಕೋಟಿ ನಷ್ಟ ಎಂದುಕೊಳ್ಳಿ. ‘ಹೊಸ್ತಿಲು ದಾಟಿದರೆ ಪೂರ್ತಿ’ ಎಂದಿದ್ದರೆ 1.4 ಕೋಟಿ ಸಿಗುತ್ತದೆ, ‘ದಾಟಿದ ಮೇಲಿನದು ಮಾತ್ರ’ ಎಂದಿದ್ದರೆ 40 ಲಕ್ಷ. ಎರಡರ ನಡುವಿನ ವ್ಯತ್ಯಾಸ ಐದಾರು ಪದಗಳದ್ದು.

ಸ್ಯಾಂಡ್‌ಬ್ಯಾಗಿಂಗ್ ಎಂಬ ಪದ ಕೇಳಿರಬಹುದು: ವಾರಂಟಿ ತಪ್ಪೆಂದು ಸಹಿಗೆ ಮೊದಲೇ ಗೊತ್ತಿದ್ದೂ ಸುಮ್ಮನಿದ್ದು, ಆಮೇಲೆ ಪರಿಹಾರ ಕೇಳುವುದು. ಇದಕ್ಕೆ ಅವಕಾಶವಿದೆಯೇ ಎಂಬುದರಲ್ಲಿ ಎಲ್ಲ ದೇಶಗಳ ನ್ಯಾಯಾಲಯಗಳೂ ಒಂದೇ ದಾರಿ ಹಿಡಿದಿಲ್ಲ. ಕರಾರು ಮೌನವಾಗಿರಲು ಬಿಡದೆ, ಹೌದೋ ಅಲ್ಲವೋ ಬರೆದುಬಿಡಿ.

ಕೊಳ್ಳುತ್ತಿರುವುದು ಲಿಸ್ಟ್ ಆದ ಕಂಪನಿಯಾದರೆ ಈ ಹಂತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಣ ಪಡೆದು ಚದುರಿಹೋದ ಸಾವಿರಾರು ಷೇರುದಾರರಿಂದ ನಷ್ಟ ತುಂಬಿಸಿಕೊಳ್ಳಲು ಆಗುವುದಿಲ್ಲ, ವಾರಂಟಿಗಳು ಕ್ಲೋಸಿಂಗಿಗೇ ಮುಗಿಯುತ್ತವೆ. ಎಚ್‌ಪಿ 2011ರಲ್ಲಿ ಸುಮಾರು 11 ಶತಕೋಟಿ ಡಾಲರಿಗೆ ಆಟೊನಮಿ ಕೊಂಡು, ಮರುವರ್ಷವೇ 8.8 ಶತಕೋಟಿಯನ್ನು ನಷ್ಟವೆಂದು ಬರೆದುಕೊಂಡಿತು. ಅದಕ್ಕೆ ಉಳಿದ ಮುಖ್ಯ ದಾರಿ ಹಳೆಯ ಆಡಳಿತದ ಇಬ್ಬರು ಮುಖ್ಯಸ್ಥರ ಮೇಲೆ ವರ್ಷಗಟ್ಟಲೆ ನಡೆದ ವಂಚನೆಯ ದಾವೆ.

6. ಪರಿಹಾರದ ಹಣ ಎಲ್ಲಿದೆ?

ನಷ್ಟಭರ್ತಿಯ ಕಲಮು ಎಷ್ಟು ಚೆನ್ನಾಗಿದ್ದರೂ ಮಾರಿದವರ ಬಳಿ ಹಣವಿಲ್ಲದಿದ್ದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಜಪಾನಿನ ದಾಯ್ಚಿ ಸ್ಯಾಂಕ್ಯೊ 2008ರಲ್ಲಿ ರ‍್ಯಾನ್‌ಬ್ಯಾಕ್ಸಿಯನ್ನು ಕೊಂಡಿತು. ಅಮೆರಿಕದ ಔಷಧ ನಿಯಂತ್ರಕರ ತನಿಖೆಗೆ ಸಂಬಂಧಿಸಿದ ಮುಖ್ಯ ಮಾಹಿತಿಯನ್ನು ಮಾರುವವರು ಮುಚ್ಚಿಟ್ಟಿದ್ದರೆಂದು ಸಿಂಗಪುರದಲ್ಲಿ ಕುಳಿತ ಮಧ್ಯಸ್ಥಿಕೆ ಮಂಡಳಿ 2016ರಲ್ಲಿ ತೀರ್ಮಾನಿಸಿತು. ಬಡ್ಡಿಸಹಿತ ಸುಮಾರು 3,500 ಕೋಟಿ ರೂಪಾಯಿಯ ಆದೇಶ ಸಿಕ್ಕಿತು. ವಸೂಲಿಗಾಗಿ ಆಮೇಲೂ ವರ್ಷಗಳ ಕಾಲ ಭಾರತದ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು.

ಅದಕ್ಕೆ ಬೆಲೆಯ ಒಂದಂಶವನ್ನು, ಹತ್ತು ಶೇಕಡಾದ ಆಸುಪಾಸಿನಲ್ಲಿ, 12ರಿಂದ 18 ತಿಂಗಳು ಎಸ್ಕ್ರೋ ಖಾತೆಯಲ್ಲಿ ನಿಲ್ಲಿಸಿ. ಎಸ್ಕ್ರೋ ಅಂದರೆ ಇಬ್ಬರ ಒಪ್ಪಿಗೆ ಅಥವಾ ತೀರ್ಪು ಬರುವವರೆಗೆ ಮೂರನೆಯವರು ಹಿಡಿದಿಡುವ ಹಣ. ಗಡುವು ಮುಗಿಯುವಾಗ ತಕರಾರು ಬಾಕಿಯಿದ್ದರೆ ಅಷ್ಟು ಮೊತ್ತ ಹಾಗೇ ನಿಲ್ಲಬೇಕು ಎಂದು ಸೇರಿಸಲು ಮರೆಯಬೇಡಿ.

ವಾರಂಟಿ ವಿಮೆ ಇನ್ನೊಂದು ದಾರಿ. ವಾರಂಟಿ ತಪ್ಪಾದರೆ ವಿಮಾ ಕಂಪನಿ ಕೊಡುತ್ತದೆ, ಮಾರುವವರು ಹೆಚ್ಚಿನ ಹೊಣೆಯಿಲ್ಲದೆ ಹೊರನಡೆಯುತ್ತಾರೆ. ಆದರೆ ಮೊದಲೇ ಗೊತ್ತಿದ್ದ ವಿಷಯ, ಬೆಲೆ ಹೊಂದಾಣಿಕೆ, ಮುಂದಿನ ವರ್ಷಗಳ ಅಂದಾಜು ಇವಕ್ಕೆ ವಿಮೆ ಅನ್ವಯಿಸುವುದಿಲ್ಲ. ನೀವು ತಪಾಸಣೆಯನ್ನೇ ಮಾಡದ ವಿಭಾಗವನ್ನೂ ವಿಮೆಯವರು ಹೊರಗಿಡುತ್ತಾರೆ.

7. ಸಹಿ ಮತ್ತು ಕ್ಲೋಸಿಂಗ್ ನಡುವಿನ ತಿಂಗಳುಗಳು

ಸ್ಪರ್ಧಾ ಪ್ರಾಧಿಕಾರದ ಅನುಮತಿ, ಸಾಲ ಕೊಟ್ಟವರ ಒಪ್ಪಿಗೆ ಮುಂತಾದವುಗಳಿಗೆ ತಿಂಗಳುಗಳೇ ಬೇಕು. ಈ ಅವಧಿಯಲ್ಲಿ ಕಂಪನಿ ಕೆಟ್ಟರೆ ನಷ್ಟ ಯಾರದು?

ಮೊದಲ ಅಸ್ತ್ರ ‘ಗಂಭೀರ ಪ್ರತಿಕೂಲ ಬದಲಾವಣೆ’ಯ ಕಲಮು, ವ್ಯವಹಾರದವರ ಬಾಯಲ್ಲಿ ಮ್ಯಾಕ್. ಇದರ ಮೇಲೆ ಭಾರ ಹಾಕಿ ಕೂರಬೇಡಿ. ಡೆಲವೇರ್ ನ್ಯಾಯಾಲಯ ಈ ಕಾರಣಕ್ಕೆ ಕೊಳ್ಳುವವರನ್ನು ಬಿಡುಗಡೆ ಮಾಡಿದ್ದು ಮೊದಲ ಬಾರಿಗೆ 2018ರಲ್ಲಿ, ಕೊಳ್ಳಹೊರಟಿದ್ದ ಫ್ರೆಸೇನಿಯಸ್ ಮತ್ತು ಔಷಧ ಕಂಪನಿ ಏಕಾರ್ನ್ ನಡುವಿನ ಪ್ರಕರಣದಲ್ಲಿ. ಅಲ್ಲಿ ಏಕಾರ್ನ್ ವ್ಯವಹಾರ ದೀರ್ಘಕಾಲಕ್ಕೆ ಕುಸಿದಿತ್ತು. ಔಷಧ ದತ್ತಾಂಶದ ನಿಯಮ ಉಲ್ಲಂಘನೆ ಸರಿಪಡಿಸುವ ವೆಚ್ಚವೇ ಕಂಪನಿಯ ಮೌಲ್ಯದ ಸುಮಾರು 21 ಶೇಕಡಾ ಎಂದು ನ್ಯಾಯಾಲಯ ಲೆಕ್ಕಹಾಕಿತು. ಒಂದು ಕೆಟ್ಟ ತ್ರೈಮಾಸಿಕ ಆ ಮಟ್ಟಕ್ಕೆ ಏರುವುದಿಲ್ಲ. ನಿಮ್ಮ ಭಯ ನಿರ್ದಿಷ್ಟವಾಗಿದ್ದರೆ ಷರತ್ತನ್ನೂ ನಿರ್ದಿಷ್ಟವಾಗಿ ಬರೆಸಿ: ‘ಅತಿ ದೊಡ್ಡ ಗ್ರಾಹಕನ ಕರಾರು ಕ್ಲೋಸಿಂಗ್ ದಿನ ಜಾರಿಯಲ್ಲಿರಬೇಕು.’

ಮ್ಯಾಕ್‌ಗಿಂತ ಹರಿತವಾದದ್ದು ‘ವಾಡಿಕೆಯಂತೆ ವ್ಯವಹಾರ ನಡೆಸಬೇಕು’ ಎಂಬ ಸಾಧಾರಣ ಸಾಲು. 5.8 ಶತಕೋಟಿ ಡಾಲರಿನ ಐಷಾರಾಮಿ ಹೋಟೆಲುಗಳ ಮಾರಾಟವೊಂದರಲ್ಲಿ ಕೋವಿಡ್ ಬಂದಾಗ ಮಾರುವವರು ಎರಡು ಹೋಟೆಲು ಮುಚ್ಚಿ, ಸಿಬ್ಬಂದಿ ಕಡಿತ ಮಾಡಿದರು. ಕರಾರಿನಲ್ಲಿ ಇದ್ದದ್ದು ಹಿಂದಿನ ವಾಡಿಕೆಗೆ ತಕ್ಕಂತೆ ನಡೆಸಬೇಕೆಂಬ ಮಾತು. ಸಾಂಕ್ರಾಮಿಕ ಮ್ಯಾಕ್ ಅಲ್ಲವೆಂದರೂ ಈ ಸಾಲು ಮುರಿದಿದೆ ಎಂದು 2020ರಲ್ಲಿ ನ್ಯಾಯಾಲಯ ಕೊಳ್ಳುವವರನ್ನು ಬಿಡುಗಡೆ ಮಾಡಿತು, 2021ರಲ್ಲಿ ಮೇಲಿನ ನ್ಯಾಯಾಲಯ ಎತ್ತಿಹಿಡಿಯಿತು. ಮಾರುವವರು ಇದರಿಂದ ಕಲಿಯಬೇಕಾದದ್ದು: ತುರ್ತಿನಲ್ಲಿ ವಾಡಿಕೆ ಮೀರಬೇಕಾದರೆ ಮೊದಲು ಕೊಳ್ಳುವವರ ಲಿಖಿತ ಒಪ್ಪಿಗೆ ಕೇಳಿ, ಆಮೇಲೆ ಬಾಗಿಲು ಮುಚ್ಚಿ.

ಇದರ ಎದುರು ತುದಿಯ ತಪ್ಪೂ ಇದೆ. ಅನುಮತಿ ಬರುವ ಮೊದಲೇ ಕೊಳ್ಳುವವರು ಯಜಮಾನಿಕೆ ಶುರುಮಾಡುವುದು, ಇದಕ್ಕೆ ಗನ್ ಜಂಪಿಂಗ್ ಎನ್ನುತ್ತಾರೆ. ಪೋರ್ಚುಗಲ್‌ನ ಟೆಲಿಕಾಂ ಕಂಪನಿಯೊಂದರ ಖರೀದಿಯಲ್ಲಿ ಹೀಗೆ ಮಾಡಿದ್ದಕ್ಕೆ ಆಲ್ಟೀಸ್‌ಗೆ ಐರೋಪ್ಯ ಆಯೋಗ 2018ರಲ್ಲಿ 12.45 ಕೋಟಿ ಯೂರೊ ದಂಡ ಹಾಕಿತು. ದೊಡ್ಡ ಸಾಲ, ಆಸ್ತಿ ಮಾರಾಟದಂಥ ವಿಷಯಗಳಲ್ಲಿ ಒಪ್ಪಿಗೆಯ ಹಕ್ಕು ಇಟ್ಟುಕೊಳ್ಳಬಹುದು. ದಿನನಿತ್ಯದ ದರ, ಸಣ್ಣ ಕರಾರು, ನೇಮಕಾತಿಗಳಲ್ಲಿ ಮೂಗು ತೂರಿಸಬಾರದು.

8. ಮುರಿದುಬಿದ್ದರೆ ಯಾರು ಯಾರಿಗೆ ಕೊಡಬೇಕು

ಮಾರುವ ಕಂಪನಿ ಇನ್ನೊಬ್ಬರ ಹೆಚ್ಚಿನ ಬೆಲೆಗೆ ಹೊರಳಿದರೆ ಕೊಡುವುದು ಬ್ರೇಕ್ ಫೀ. ಕೊಳ್ಳುವವರಿಗೆ ಅನುಮತಿ ಅಥವಾ ಸಾಲ ಸಿಗದೆ ಮುರಿದರೆ ಅವರು ಕೊಡುವುದು ಹಿಮ್ಮುಖ ಬ್ರೇಕ್ ಫೀ. 2011ರಲ್ಲಿ ಟಿ-ಮೊಬೈಲ್ ಯುಎಸ್‌ಎ ಖರೀದಿ ಕೈಬಿಟ್ಟ ಎಟಿ ಆ್ಯಂಡ್ ಟಿ 3 ಶತಕೋಟಿ ಡಾಲರ್ ನಗದಿನ ಜೊತೆ ತರಂಗಾಂತರವನ್ನೂ ಕೊಡಬೇಕಾಯಿತು. 2023ರ ಕೊನೆಗೆ ಫಿಗ್ಮಾ ಖರೀದಿ ಕೈಬಿಟ್ಟ ಅಡೋಬಿ 1 ಶತಕೋಟಿ ಡಾಲರ್ ಕೊಟ್ಟಿತು.

ಲಿಸ್ಟ್ ಆದ ಕಂಪನಿಗಳಲ್ಲಿ ಈ ರಕ್ಷಣೆಗಳಿಗೆ ಮೇಲ್ಮಿತಿ ಇದೆ. ಹೆಚ್ಚಿನ ಬೆಲೆ ಬಂದರೂ ನಿರ್ದೇಶಕರು ತಿರುಗಿ ನೋಡಲಾಗದಂತೆ ಬಿಗಿದ ಒಪ್ಪಂದವನ್ನು ಡೆಲವೇರ್ ಸುಪ್ರೀಂ ಕೋರ್ಟ್ 2003ರಲ್ಲಿ, ಆಮ್ನಿಕೇರ್ ಪ್ರಕರಣದಲ್ಲಿ, ತಳ್ಳಿಹಾಕಿತು. ಬ್ರಿಟನ್ 2011ರಲ್ಲಿ ತನ್ನ ಸ್ವಾಧೀನ ಸಂಹಿತೆ ತಿದ್ದಿ ಬ್ರೇಕ್ ಫೀಗಳನ್ನು ಬಹುಪಾಲು ನಿಷೇಧಿಸಿತು.

‘ಫೀ ಎಸೆದು ಹೊರಬರಬಹುದಲ್ಲ’ ಎಂದುಕೊಳ್ಳುವ ಮುನ್ನ ‘ನಿರ್ದಿಷ್ಟ ಪಾಲನೆ’ಯ ಕಲಮು ಓದಿ. ಕೊಂಡೇ ತೀರಬೇಕೆಂದು ನ್ಯಾಯಾಲಯ ಆದೇಶಿಸಬಹುದು ಎಂಬುದು ಅದರ ಅರ್ಥ. ಟ್ವಿಟರ್ ಕರಾರಿನಲ್ಲಿ 1 ಶತಕೋಟಿ ಡಾಲರ್ ಹಿಮ್ಮುಖ ಫೀ ಇತ್ತು, ಜೊತೆಗೆ ಈ ಕಲಮೂ ಇತ್ತು. ತಪಾಸಣೆಯನ್ನೇ ಬಿಟ್ಟುಕೊಟ್ಟು ಸಹಿ ಹಾಕಿದ್ದ ಎಲಾನ್ ಮಸ್ಕ್ 2022ರ ಜುಲೈನಲ್ಲಿ ಹಿಂದೆ ಸರಿಯಹೊರಟಾಗ ಕಂಪನಿ ಡೆಲವೇರ್‌ನಲ್ಲಿ ದಾವೆ ಹೂಡಿತು. ವಿಚಾರಣೆ ಶುರುವಾಗುವ ಮೊದಲೇ, ಅಕ್ಟೋಬರಿನಲ್ಲಿ, ಷೇರಿಗೆ 54.20 ಡಾಲರಿನ ಮೂಲ ಬೆಲೆಗೇ ಖರೀದಿ ಮುಗಿಯಿತು.

ಕೊನೆಯ ಗಡುವನ್ನೂ ಇಲ್ಲೇ ಬರೆಯಿರಿ: ಇಂಥ ದಿನಾಂಕದೊಳಗೆ ಮುಗಿಯದಿದ್ದರೆ ಯಾರು ಬೇಕಾದರೂ ಹೊರನಡೆಯಬಹುದು. ಅನುಮತಿ ಮಾತ್ರ ಬಾಕಿಯಿದ್ದರೆ ಅದು ತಾನಾಗಿ ವಿಸ್ತರಣೆಯಾಗಲಿ.

9. ಕ್ಲೋಸಿಂಗ್ ದಿನ ಮತ್ತು ಅದರಾಚೆ

ಹಣ ಕಳಿಸುವ ಬ್ಯಾಂಕ್ ಖಾತೆಯ ವಿವರವನ್ನು ಇಮೇಲಿನಲ್ಲಿ ಬಂದದ್ದೆಂದು ನಂಬದೆ, ಮೊದಲೇ ಗೊತ್ತಿರುವ ಫೋನ್ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳಿ. ಕೊನೆಯ ಗಳಿಗೆಯಲ್ಲಿ ‘ಖಾತೆ ಬದಲಾಗಿದೆ’ ಎಂದು ಬರುವ ಸಂದೇಶ ವಂಚಕರ ಮೆಚ್ಚಿನ ದಾರಿ. ವಾರಂಟಿಗಳು ಆ ದಿನಕ್ಕೂ ನಿಜ ಎಂಬ ಪ್ರಮಾಣಪತ್ರ, ನಿರ್ದೇಶಕರ ರಾಜೀನಾಮೆ, ಸಾಲ ತೀರಿದ ಪತ್ರ, ಡೇಟಾ ರೂಮಿನ ಪೂರ್ತಿ ಪ್ರತಿ ಕೈಸೇರದೆ ಹಣ ಬಿಡಬೇಡಿ. ಮುಂದೆ ಏನನ್ನು ತೋರಿಸಿದ್ದರು, ಏನನ್ನು ತೋರಿಸಿರಲಿಲ್ಲ ಎಂಬ ವಾದಕ್ಕೆ ಆ ಪ್ರತಿಯೇ ಸಾಕ್ಷಿ.

ಮರುದಿನವೇ ಕ್ಯಾಲೆಂಡರಿನಲ್ಲಿ ನಾಲ್ಕು ದಿನಾಂಕ ಗುರುತು ಮಾಡಿ: ಬೆಲೆ ಹೊಂದಾಣಿಕೆಗೆ ಆಕ್ಷೇಪಿಸುವ ಕೊನೆಯ ದಿನ, ಸಾಮಾನ್ಯ ವಾರಂಟಿಯ ಗಡುವು, ಎಸ್ಕ್ರೋ ಬಿಡುಗಡೆ, ತೆರಿಗೆ ವಾರಂಟಿಯ ಗಡುವು. ಪ್ರತಿಯೊಂದಕ್ಕೂ ಎರಡು ತಿಂಗಳು ಮುಂಚೆ ಒಂದು ನೆನಪೋಲೆ ಇರಲಿ, ಆಕ್ಷೇಪದ ಅವಧಿಯೇ ಅದಕ್ಕಿಂತ ಚಿಕ್ಕದಾದರೆ ಮೊದಲ ವಾರದಲ್ಲೇ. ನ್ಯಾಯವಾದ ಹಕ್ಕೊತ್ತಾಯಗಳು ಬೀಳುವುದು ಹೆಚ್ಚಾಗಿ ನೋಟಿಸಿನ ದೋಷದಿಂದ: ತಡವಾಗಿ ಹೋಗಿರುತ್ತದೆ, ಯಾವ ವಾರಂಟಿ ಮುರಿದಿದೆ ಎಂದು ಹೇಳಿರುವುದಿಲ್ಲ, ಅಂದಾಜು ಮೊತ್ತ ಬರೆದಿರುವುದಿಲ್ಲ, ಕರಾರು ಕೊರಿಯರ್ ಎಂದಿದ್ದಾಗ ಇಮೇಲಿನಲ್ಲಿ ಮಾತ್ರ ಕಳಿಸಿರುತ್ತಾರೆ. ಮೂರನೆಯವರು ಕಂಪನಿಯ ಮೇಲೆ ಕೇಸು ಹಾಕಿದರೆ ಮಾರಿದವರಿಗೆ ತಿಳಿಸುವ ಮೊದಲು ರಾಜಿ ಮಾಡಿಕೊಳ್ಳಬೇಡಿ. ಬಹುತೇಕ ಕರಾರುಗಳಲ್ಲಿ ಆ ಕೇಸನ್ನು ತಾವೇ ನಡೆಸುವ ಹಕ್ಕು ಅವರಿಗೆ ಇರುತ್ತದೆ, ಅದನ್ನು ಕಸಿದರೆ ನಿಮ್ಮ ನಷ್ಟಭರ್ತಿ ಕಡಿಮೆಯಾಗಬಹುದು ಅಥವಾ ಪೂರ್ತಿ ಹೋಗಬಹುದು.